ಹಳೇ ಸ್ಕ್ಯಾನರ್, ಹೊಸ ವಿಂಡೋಸ್, ನಡುವೆ ಒಂದು ಪೈ

ನನ್ನ ಹಳೇ ಡೆಸ್ಕ್‌ಟಾಪ್‌ನಲ್ಲಿ 32 ಬಿಟ್ ವಿಂಡೋಸ್ 10 ಓಡುತ್ತಿತ್ತು. ಅದಕ್ಕೆ ಎಕ್ಸ್‌ಪಿ ಕಾಲದ ಒಂದು ತೆಳು ಸ್ಕ್ಯಾನರ್ ಜೋಡಿಸಿದ್ದೆ. ಅಡಾಪ್ಟರ್ ಇಲ್ಲ, ಬೇರೆ ವೈರ್ ಇಲ್ಲ, ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ಕರೆಂಟೂ ಬರುತ್ತದೆ, ಡೇಟಾನೂ ಹೋಗುತ್ತದೆ. ನಿಧಾನ, ಆದರೆ ಒಂದು ದಿನವೂ ಕೈ ಕೊಟ್ಟಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ನಾನೂ ಹೊಸ ಲ್ಯಾಪ್‌ಟಾಪ್‌ಗೆ, ವಿಂಡೋಸ್ 11ಕ್ಕೆ ಬಂದೆ. ಸ್ಕ್ಯಾನರ್ ಚುಚ್ಚಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ. ಕೋಡ್ 28, ಅಂದರೆ ಈ ಸಾಧನಕ್ಕೆ ಡ್ರೈವರ್ ಇಲ್ಲ.

ಹೊಸ ಸ್ಕ್ಯಾನರ್ ತಗೋಬಹುದಿತ್ತು, ನಿಜ. ಆದರೆ ಗಾಜು ಚೆನ್ನಾಗಿದೆ, ಮೋಟರ್ ಚೆನ್ನಾಗಿದೆ, ಲೈಟ್ ಹತ್ತುತ್ತದೆ. ಇಲ್ಲದ್ದು ಒಂದು ತುಂಡು ಸಾಫ್ಟ್‌ವೇರ್ ಮಾತ್ರ. ಅಷ್ಟಕ್ಕೇ ಇದನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಅಪ್ಪನ ಹಳೇ ಆಲ್ಬಮ್ ಬೇರೆ ಅರ್ಧ ಸ್ಕ್ಯಾನ್ ಆಗಿ ನಿಂತಿತ್ತು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಹಳೇ ಸಿಡಿಯಿಂದ ಸೆಟಪ್ ಓಡಿಸಿದೆ, ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಎಕ್ಸ್‌ಪಿ ಆರಿಸಿದೆ, ಅಡ್ಮಿನ್ ಆಗಿ ಓಡಿಸಿದೆ. ಸೆಟಪ್ ಖುಷಿಯಿಂದ ಕೊನೆಯವರೆಗೂ ಹೋಗಿ "ಮುಗಿಯಿತು" ಅಂದಿತು. ತ್ರಿಕೋನ ಮಾತ್ರ ಅಲ್ಲೇ ಇತ್ತು. ಕಾರಣ ಸರಳ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್‌ನ ಸಾಮಾನ್ಯ ಪ್ರೋಗ್ರಾಂ ಓಡುತ್ತದೆ, ಆದರೆ ಕರ್ನಲ್ (ಓಎಸ್‌ನ ಒಳತಿರುಳು) ಒಳಗೆ ಕೂರುವ 32 ಬಿಟ್ ಡ್ರೈವರ್ ಓಡುವುದೇ ಇಲ್ಲ. ಕಂಪ್ಯಾಟಿಬಿಲಿಟಿ ಮೋಡ್ ಇರೋದು ಪ್ರೋಗ್ರಾಂಗೆ, ಡ್ರೈವರ್‌ಗಲ್ಲ. ಹಳೇ ಡೆಸ್ಕ್‌ಟಾಪ್‌ನಲ್ಲಿ ಇಷ್ಟು ದಿನ ನಡೆದದ್ದು ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿ ಇದ್ದುದರಿಂದ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ತಯಾರಿಸಿದ ಕಂಪನಿ ಈ ಮಾಡೆಲ್‌ಗೆ 64 ಬಿಟ್ ಡ್ರೈವರ್ ಕೊಟ್ಟೇ ಇಲ್ಲ. ಹೆಸರು ಬೇಡ, ಇಷ್ಟು ಹಳೇ ಸಾಮಾನಿಗೆ ಯಾರೂ ಕೊಡುತ್ತಿರಲಿಲ್ಲ.

ಇಲ್ಲಿ ಒಂದು ಮಾತು. ಅದೇ ಕಾಲದ ಕೀಬೋರ್ಡ್, ಮೌಸ್, ಪೆನ್‌ಡ್ರೈವ್ ಇವತ್ತಿಗೂ ಚುಚ್ಚಿದರೆ ಸಾಕು, ಓಡುತ್ತವೆ ಅಲ್ವಾ? ಅವುಗಳಿಗೆ ಯುಎಸ್‌ಬಿಯಲ್ಲೇ ಸಾಮಾನ್ಯ ಭಾಷೆಯೊಂದಿದೆ, ಯಾವ ಕಂಪನಿಯ ಕೀಬೋರ್ಡ್ ಆದರೂ ಆ ಭಾಷೆಯಲ್ಲೇ ಮಾತಾಡಬೇಕು. ಆ ಕಾಲದ ಸ್ಕ್ಯಾನರ್‌ಗಳಿಗೆ ಅಂಥದ್ದು ಇರಲಿಲ್ಲ. ಪ್ರತಿ ಚಿಪ್‌ಗೂ ಅದರದೇ ಭಾಷೆ, ಅದು ಗೊತ್ತಿದ್ದದ್ದು ಆ ಸಿಡಿಯ ಡ್ರೈವರ್‌ಗೆ ಮಾತ್ರ.

ಎರಡನೇ ಸಾಹಸ ಸ್ವಲ್ಪ ನಾಚಿಕೆಯದು. ಅದೇ ಕಂಪನಿಯ ಮುಂದಿನ ಮಾಡೆಲ್ ಒಂದಕ್ಕೆ 64 ಬಿಟ್ ಡ್ರೈವರ್ ಇತ್ತು. ಹೊರಗಿನಿಂದ ಎರಡೂ ಅಣ್ಣತಮ್ಮಂದಿರ ಥರ ಕಾಣುತ್ತವೆ. ಆ ಡ್ರೈವರ್‌ನ ಐಎನ್‌ಎಫ್ ಫೈಲು (ಯಾವ ಸಾಧನಕ್ಕೆ ಈ ಡ್ರೈವರ್ ಅಂತ ವಿಂಡೋಸ್‌ಗೆ ಹೇಳುವ ಫೈಲು) ತೆರೆದು, ನನ್ನ ಸ್ಕ್ಯಾನರ್‌ನ ಹಾರ್ಡ್‌ವೇರ್ ಐಡಿ ಸೇರಿಸಿದೆ. ವಿಂಡೋಸ್ ಒಪ್ಪಲಿಲ್ಲ, ಯಾಕೆಂದರೆ ಐಎನ್‌ಎಫ್‌ನಲ್ಲಿ ಒಂದು ಅಕ್ಷರ ಬದಲಾದರೂ ಜೊತೆಗಿರುವ ಕ್ಯಾಟಲಾಗ್ ಫೈಲಿನ ಸಹಿ ಕೆಡುತ್ತದೆ. ಅಡ್ವಾನ್ಸ್‌ಡ್ ಸ್ಟಾರ್ಟ್‌ಅಪ್‌ಗೆ ಹೋಗಿ ಸಹಿ ಪರೀಕ್ಷೆಯನ್ನೇ ಆಫ್ ಮಾಡಿ ಬೂಟ್ ಮಾಡಿದೆ. ಈ ಸಲ ತ್ರಿಕೋನ ಹೋಯಿತು! ಕುಣಿದಾಡಿ ಪ್ರಿವ್ಯೂ ಒತ್ತಿದೆ. ಗಾಜಿನ ಕೆಳಗೆ ಓಡಾಡುವ ಸ್ಕ್ಯಾನ್ ಹೆಡ್ಡು ಸರ್ರನೆ ಹೋಗಿ ಆ ಕಡೆ ಗೋಡೆಗೆ ಹೊಡೆದು ಟಕಟಕಟಕ ಅಂತ ಬಡಿಯತೊಡಗಿತು. ಕೇಬಲ್ ಕಿತ್ತು ಬಿಸಾಕಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗೆ, ಡ್ರೈವರ್ ಹೇಳೋದು ಒಂದು, ಚಿಪ್ ಅರ್ಥಮಾಡಿಕೊಳ್ಳೋದು ಇನ್ನೊಂದು. ಮೇಲಿನ ಪ್ಲಾಸ್ಟಿಕ್ ಒಂದೇ ಥರ ಇದ್ದರೂ ಒಳಗಿನ ಚಿಪ್ ಪೂರ್ತಿ ಬೇರೆ. ಮರುದಿನ ಸಾಮಾನ್ಯವಾಗಿ ಬೂಟ್ ಮಾಡಿದಾಗ ಕೋಡ್ 52 ಬಂತು, ಸಹಿ ಸರಿಯಿಲ್ಲ ಅಂತ. ಒಳ್ಳೆಯದೇ ಆಯಿತು. ಒಂದು ಸ್ಕ್ಯಾನರ್‌ಗೋಸ್ಕರ ಸಹಿ ಪರೀಕ್ಷೆಯನ್ನು ಸದಾ ಆಫ್ ಇಡುವುದು ಮನೆ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ.

ಆ ಟಕಟಕ ಕೇಳಿದ ಮೇಲೆ ಡಬ್ಬಿಯ ಮೇಲಿನ ಹೆಸರು ಹುಡುಕುವುದು ಬಿಟ್ಟು ಚಿಪ್ ಹುಡುಕಲು ಶುರು ಮಾಡಿದೆ. ಒಂದು ಪೆನ್‌ಡ್ರೈವ್‌ನಲ್ಲಿ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆ ನೇರ ಓಡುವ ಲಿನಕ್ಸ್) ಹಾಕಿ ಅದೇ ಹೊಸ ಲ್ಯಾಪ್‌ಟಾಪನ್ನು ಬೂಟ್ ಮಾಡಿ, ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟೆ. ನಾಲ್ಕು ನಾಲ್ಕು ಅಕ್ಷರದ ಎರಡು ಗುಂಪು ಬರುತ್ತದೆ, ನಡುವೆ ಕೋಲನ್. ಮೊದಲನೆಯದು ತಯಾರಕರ ಸಂಖ್ಯೆ, ಎರಡನೆಯದು ಮಾಡೆಲ್‌ನದು. ಇದನ್ನು ಹಿಡಿದು ಸೇನ್ ಯೋಜನೆಯ ಸಾಧನಗಳ ಪಟ್ಟಿಯಲ್ಲಿ ಹುಡುಕಿದೆ. ಲಿನಕ್ಸ್‌ನಲ್ಲಿ ಸ್ಕ್ಯಾನರ್ ಅಂದರೆ ಸೇನ್, ಎಷ್ಟೋ ವರ್ಷದಿಂದ ಹಾಗೇ. ಉತ್ತರ ಸಿಕ್ಕಿತು: ಚಿಪ್ ಎಲ್‌ಎಂ9833, ಅದನ್ನು ಓಡಿಸುವ ಬ್ಯಾಕೆಂಡ್‌ನ (ಸೇನ್‌ನಲ್ಲಿ ಡ್ರೈವರ್‌ಗೆ ಅದೇ ಹೆಸರು) ಹೆಸರು ಪ್ಲಸ್‌ಟೆಕ್. ಮಜಾ ಏನೆಂದರೆ ಪ್ಲಸ್‌ಟೆಕ್ ಅನ್ನೋದು ಬೇರೆಯೇ ಕಂಪನಿಯ ಹೆಸರು, ನನ್ನ ಸ್ಕ್ಯಾನರ್ ಅವರದಲ್ಲವೇ ಅಲ್ಲ. ಚಿಪ್ ಒಂದೇ ಜಾತಿಯದು, ಹಾಗಾಗಿ ಬ್ಯಾಕೆಂಡೂ ಒಂದೇ. ಸಿಡಿ, ಐಎನ್‌ಎಫ್ ಅಂತ ಕಳೆದ ಎರಡು ಸಂಜೆ ಈ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು.

ಸೇನ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಅದರ ಬ್ಯಾಕೆಂಡ್‌ಗಳು ಕರ್ನಲ್ ಒಳಗೆ ಕೂರುವುದಿಲ್ಲ, ಲಿಬ್‌ಯುಎಸ್‌ಬಿ ಅನ್ನೋ ಲೈಬ್ರರಿ ಮೂಲಕ ಹೊರಗಿನಿಂದಲೇ ಸ್ಕ್ಯಾನರ್ ಜೊತೆ ಮಾತಾಡುತ್ತವೆ. ಕರ್ನಲ್ ಎಷ್ಟು ಸಲ ಬದಲಾದರೂ ಇವಕ್ಕೆ ಜಾಸ್ತಿ ತೊಂದರೆಯಿಲ್ಲ. ಸೋರ್ಸ್ ಇರುವುದರಿಂದ 32 ಬಿಟ್, 64 ಬಿಟ್, ಫೋನ್‌ಗಳಲ್ಲಿರುವ ಆರ್ಮ್ ಪ್ರೊಸೆಸರ್, ಯಾವುದಕ್ಕೆ ಬೇಕಾದರೂ ಕಂಪೈಲ್ ಆಗುತ್ತದೆ. ಈ ಆರ್ಮ್ ಮುಂದೆ ಕೆಲಸಕ್ಕೆ ಬಂತು.

ಲೈವ್ ಲಿನಕ್ಸ್‌ನಲ್ಲಿ ಮೊದಲ ಸ್ಕ್ಯಾನ್ ಒತ್ತಿದಾಗ ಗರ್ರ್ ಅಂತ ಶಬ್ದ ಬಂತು, ಹೆಡ್ಡು ಅಲುಗಲಿಲ್ಲ. ಮತ್ತೆ ತಪ್ಪು ಚಿಪ್ಪಾ ಅಂತ ಎದೆ ಧಸಕ್ಕೆಂದಿತು. ಆಮೇಲೆ ಸ್ಕ್ಯಾನರ್ ತಿರುಗಿಸಿ ನೋಡಿದರೆ ತಳದಲ್ಲಿ ಪುಟ್ಟ ಲಾಕ್ ಇದೆ, ಸಾಗಿಸುವಾಗ ಹೆಡ್ಡು ಅಲ್ಲಾಡದಿರಲಿ ಅಂತ ಇಟ್ಟಿರುತ್ತಾರೆ. ಮೇಜಿನಿಂದ ಮೇಜಿಗೆ ಎತ್ತಿಡುವಾಗ ನಾನೇ ಹಾಕಿದ್ದೆ. ತೆಗೆದೆ. ಪುಟ ಬಂತು. ಎರಡನೇ ಪುಟ ಒತ್ತಿದೆ, ಬರಲಿಲ್ಲ. ಸಾಧನ ತೆರೆಯಲಾಗಲಿಲ್ಲ, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಅಂತ ಎರರ್. ಕೇಬಲ್ ತೆಗೆದು ಚುಚ್ಚಿದರೆ ಮತ್ತೆ ಒಂದೇ ಒಂದು ಪುಟ.

ಒಂದು ಸಲ ಓಡಿ ಎರಡನೇ ಸಲ ಮುನಿಸಿಕೊಳ್ಳುವುದು ಹಳೇ ಸ್ಕ್ಯಾನರ್ ಮತ್ತು ಹೊಸ ಯುಎಸ್‌ಬಿ 3 ಕಂಟ್ರೋಲರ್ ನಡುವಿನ ಹಳೇ ಜಗಳ. ಸೇನ್‌ನ ಯುಎಸ್‌ಬಿ ಕೈಪಿಡಿಯಲ್ಲೇ ಇದಕ್ಕೆ ಮದ್ದು ಬರೆದಿದ್ದಾರೆ: ಸೇನ್_ಯುಎಸ್‌ಬಿ_ವರ್ಕ್‌ಅರೌಂಡ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಕೊಡಿ ಅಂತ (ಟೈಪ್ ಮಾಡುವಾಗ ಇಂಗ್ಲಿಷ್ ದೊಡ್ಡಕ್ಷರದಲ್ಲಿ). ಕೊಟ್ಟೆ, ಸರಿಹೋಯಿತು. ನಡುವೆ ಒಂದು ಹಳೇ ಯುಎಸ್‌ಬಿ 2 ಹಬ್ ಹಾಕಿ ನೋಡಿದೆ, ಆಗ ವೇರಿಯಬಲ್ ಇಲ್ಲದೆಯೂ ಓಡಿತು. ಹಳೇ ಹಬ್ ಇದ್ದರೆ ಎಸೆಯಬೇಡಿ.

ಆದರೆ ಪ್ರತಿ ಪುಟಕ್ಕೂ ಲ್ಯಾಪ್‌ಟಾಪನ್ನು ಲಿನಕ್ಸ್‌ಗೆ ಬೂಟ್ ಮಾಡುವುದು ಆಗದ ಮಾತು. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ಗೆ ಯುಎಸ್‌ಬಿಐಪಿಡಿ ಅನ್ನೋ ಟೂಲಿಂದ ಸ್ಕ್ಯಾನರನ್ನು ದಾಟಿಸಬಹುದು, ದಾಟಿಸಿ ಒಂದು ಪುಟ ತೆಗೆದೂ ನೋಡಿದೆ, ಪ್ರತಿ ಸಲ ಚುಚ್ಚಿದಾಗಲೂ ಕಮಾಂಡ್ ಕೊಡಬೇಕು ಅಂದಾಗ ಬೇಜಾರಾಯಿತು. ವರ್ಚುವಲ್ ಮಷೀನ್‌ನಲ್ಲಿ ಎಕ್ಸ್‌ಪಿ ಹಾಕೋ ದಾರಿಯೂ ಇದೆ, ಕೆಲವರು ಹಾಗೇ ಮಾಡುತ್ತಾರೆ. ಆದರೆ 2014ರಲ್ಲೇ ಸಪೋರ್ಟ್ ಮುಗಿದ ಓಎಸ್ ಅನ್ನು ಮತ್ತೆ ಸಾಕುವುದು ನನಗೆ ಬೇಡವಾಗಿತ್ತು.

ಡ್ರಾಯರ್‌ನಲ್ಲಿ ಒಂದು ರಾಸ್ಪ್‌ಬೆರಿ ಪೈ 3, ಅಂದರೆ ಆರ್ಮ್ ಚಿಪ್‌ನ ಪುಟ್ಟ ಕಂಪ್ಯೂಟರ್, ಸುಮ್ನೆ ಬಿದ್ದಿತ್ತು. ಅದರಲ್ಲಿರುವ ನಾಲ್ಕೂ ಪೋರ್ಟ್ ಯುಎಸ್‌ಬಿ 2, ಹಾಗಾಗಿ ಆ ಜಗಳವೇ ಇಲ್ಲ. ಸ್ಕ್ಯಾನರ್ ಪೈಗೆ, ಪೈ ವೈಫೈಗೆ, ವಿಂಡೋಸ್ ದೂರದಿಂದ ಕೇಳಿದರೆ ಪುಟ ಕೊಡಬೇಕು. ಇದು ಪ್ಲಾನ್. ಈಗಿನ ಹೊಸ ಸ್ಕ್ಯಾನರ್‌ಗಳು ನೆಟ್‌ವರ್ಕ್‌ನಲ್ಲಿ ಇಎಸ್‌ಸಿಎಲ್ ಅನ್ನೋ ಭಾಷೆ ಮಾತಾಡುತ್ತವೆ, ಅದಕ್ಕೆ ಡ್ರೈವರ್ ಬೇಡ. ಏರ್‌ಸೇನ್ ಅಂತ ಒಂದು ಸಣ್ಣ ಸರ್ವರ್ ಇದೆ, ಈ ಕಡೆ ಸೇನ್ ಜೊತೆ ಮಾತಾಡಿ ಆ ಕಡೆ ಇಎಸ್‌ಸಿಎಲ್‌ನಲ್ಲಿ ಉತ್ತರ ಕೊಡುತ್ತದೆ. ಅಂದರೆ ನನ್ನ ಮುದಿ ಸ್ಕ್ಯಾನರ್ ನೆಟ್‌ವರ್ಕ್‌ನಲ್ಲಿ ಹೊಸ ಮಾಡೆಲ್ ಥರ ವೇಷ ಹಾಕಿಕೊಂಡು ನಿಲ್ಲುತ್ತದೆ.

ಪೈನಲ್ಲಿ ಸಣ್ಣ ಓಎಸ್ ಹಾಕಿ, ಸ್ಕ್ರೀನ್ ಇಲ್ಲದೆ ಲ್ಯಾಪ್‌ಟಾಪ್‌ನಿಂದಲೇ ಎಸ್‌ಎಸ್‌ಎಚ್‌ನಲ್ಲಿ (ನೆಟ್‌ವರ್ಕ್ ಮೂಲಕ ಲಾಗಿನ್) ಒಳಹೊಕ್ಕೆ. ಸೇನ್‌ಫೈಂಡ್‌ಸ್ಕ್ಯಾನರ್ ಕಮಾಂಡ್ ಯುಎಸ್‌ಬಿಯಲ್ಲಿ ಸ್ಕ್ಯಾನರ್ ಇದೆ ಅಂದಿತು. ಸ್ಕ್ಯಾನ್‌ಇಮೇಜ್‌ಗೆ ಪಟ್ಟಿ ಕೇಳಿದರೆ ಯಾವ ಸ್ಕ್ಯಾನರೂ ಇಲ್ಲ ಅಂದಿತು. ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಕೇಳಿದರೆ ಇದೆ ಅಂದಿತು. ಸುಡೋದಲ್ಲಿ ಕಂಡು ನಮಗೆ ಕಾಣದಿದ್ದರೆ ಅದು ಪರ್ಮಿಷನ್ ಸಮಸ್ಯೆ, ಬೇರೆಲ್ಲೂ ಹುಡುಕಬೇಡಿ. ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತು ಲಾಗಿನ್ ಆದವರಿಗೆ ಸ್ಕ್ಯಾನರ್ ತಾನಾಗಿ ಸಿಗುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಬಂದವರಿಗೆ ಆ ಮರ್ಯಾದೆ ಇಲ್ಲ. ಡೆಬಿಯನ್ ಬಳಗದಲ್ಲಿ ಸ್ಕ್ಯಾನರ್ ಅಂತಲೇ ಒಂದು ಗ್ರೂಪ್ ಇದೆ, ಅದಕ್ಕೆ ನನ್ನ ಯೂಸರ್ ಸೇರಿಸಿ, ಲಾಗೌಟ್ ಆಗಿ ಮತ್ತೆ ಬಂದೆ. ಕಾಣಿಸಿತು.

ಮುಂದೆ ಬಂದದ್ದು ಕರೆಂಟಿನ ಕಾಟ. ಹೆಡ್ಡು ಅರ್ಧ ದಾರಿಗೆ ಹೋಗಿ ನಿಲ್ಲುವುದು, ಕೆಲವು ಸಲ ಪೈಯೇ ರೀಬೂಟ್ ಆಗುವುದು. ನಾನು ಪೈಗೆ ಹಾಕಿದ್ದು ಒಂದು ಹಳೇ ಫೋನ್ ಚಾರ್ಜರ್, 1 ಆಂಪ್‌ನದು. ಪೈ 3ಕ್ಕೆ 5 ವೋಲ್ಟ್, 2.5 ಆಂಪ್ ಬೇಕು ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಅದರ ಮೇಲೆ ಈ ಸ್ಕ್ಯಾನರ್ ಲೈಟು, ಮೋಟರ್ ಎಲ್ಲದಕ್ಕೂ ಪೈನ ಪೋರ್ಟಿನಿಂದಲೇ ಎಳೆಯುತ್ತದೆ. ಸರಿಯಾದ ಅಡಾಪ್ಟರ್ ಹಾಕಿದೆ, ನಿಂತಿತು. ಸ್ಕ್ರೀನ್ ಇದ್ದಿದ್ದರೆ ಮೂಲೆಯಲ್ಲಿ ಮಿಂಚಿನ ಗುರುತು ಬಂದು ಮೊದಲೇ ಗೊತ್ತಾಗುತ್ತಿತ್ತು. ಸ್ಕ್ರೀನ್ ಇರಲಿಲ್ಲ, ಒಂದು ಸಂಜೆ ಹೋಯಿತು.

ಏರ್‌ಸೇನ್ ಸೋರ್ಸ್‌ನಿಂದ ಬಿಲ್ಡ್ ಮಾಡಿದೆ. ಸೀಮೇಕ್, ಸೇನ್‌ನ ಡೆವ್ ಪ್ಯಾಕೇಜ್, ಜೆಪೆಗ್, ಪಿಎನ್‌ಜಿ, ಅವಾಹಿ, ಲಿಬ್‌ಯುಎಸ್‌ಬಿ ಇಷ್ಟಿದ್ದರೆ ಸಾಕು, ಯಾವ ತಂಟೆಯೂ ಇಲ್ಲದೆ ಮುಗಿಯಿತು. 8090 ಪೋರ್ಟಿನಲ್ಲಿ ಅದರದೇ ವೆಬ್ ಪುಟ ಬರುತ್ತದೆ, ಬ್ರೌಸರ್‌ನಿಂದಲೇ ಸ್ಕ್ಯಾನ್ ಮಾಡಬಹುದು. ವಿಂಡೋಸ್ 11ರಲ್ಲಿ ನ್ಯಾಪ್ಸ್2 ಅನ್ನೋ ಸ್ಕ್ಯಾನಿಂಗ್ ಪ್ರೋಗ್ರಾಂ ಹಾಕಿ ಡ್ರೈವರ್ ಜಾಗದಲ್ಲಿ ಇಎಸ್‌ಸಿಎಲ್ ಆರಿಸಿದೆ, ಸ್ಕ್ಯಾನರ್ ಹೆಸರು ಪಟ್ಟಿಯಲ್ಲಿ ಬಂದು ಕೂತಿತು. ಡಿವೈಸ್ ಮ್ಯಾನೇಜರ್‌ನಲ್ಲಿ ಒಂದು ತ್ರಿಕೋನವೂ ಇಲ್ಲ. ಬಂದ ನೆಂಟರೊಬ್ಬರ ಮ್ಯಾಕ್‌ನಲ್ಲಂತೂ ಏನೂ ಹಾಕದೆಯೇ ಕಾಣಿಸಿತು.

ವೇಗದ ಬಗ್ಗೆ ಆಸೆ ಬೇಡ. ಈ ಚಿಪ್ ಯುಎಸ್‌ಬಿ 1.1 ಕಾಲದ್ದು, ಸೆಕೆಂಡಿಗೆ 12 ಮೆಗಾಬಿಟ್ ಅದರ ಮಿತಿ. ಎ4 ಪುಟವನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ತೆಗೆದರೆ 2480 ಗುಣಿಸು 3508 ಪಿಕ್ಸೆಲ್, ಪ್ರತಿ ಪಿಕ್ಸೆಲ್‌ಗೆ 3 ಬೈಟ್, ಹತ್ತಿರ ಹತ್ತಿರ 26 ಎಂಬಿ. ಅಷ್ಟು ದಾಟಲು ಲೆಕ್ಕದ ಪ್ರಕಾರವೇ ಹದಿನೇಳು ಸೆಕೆಂಡ್ ಬೇಕೇ ಬೇಕು, ನಿಜದಲ್ಲಿ ಇನ್ನೂ ಹೆಚ್ಚು. ಪೈ ಬದಲು ಎಂಥ ಕಂಪ್ಯೂಟರ್ ಇಟ್ಟರೂ ಅಷ್ಟೇ. ಇದರ ಮೇಲೆ ಪ್ರತಿ ಸ್ಕ್ಯಾನ್‌ಗೂ ಮೊದಲು ಕ್ಯಾಲಿಬ್ರೇಷನ್ ಅಂತ ಕೆಲವು ಸೆಕೆಂಡ್. ಅದನ್ನಾದರೂ ಉಳಿಸೋಣ ಅಂತ ಪ್ಲಸ್‌ಟೆಕ್‌ನ ಕಾನ್ಫಿಗ್ ಫೈಲಿನಲ್ಲಿ ಕ್ಯಾಲಿಬ್ರೇಷನ್ ಡೇಟಾ ಉಳಿಸಿಕೊಳ್ಳುವ ಆಯ್ಕೆಯನ್ನು 1 ಮಾಡಿದೆ. ಜಾಣತನ ಅಂದುಕೊಂಡೆ.

ಕಾಗದಪತ್ರ ಎಲ್ಲ ಚೆನ್ನಾಗಿ ಬಂತು. ಆಲ್ಬಮ್ ಶುರು ಮಾಡಿದ ಮೇಲೆ ಕಂಡಿತು: ಪ್ರತಿ ಫೋಟೋದಲ್ಲೂ ಬಲಗಡೆಯಿಂದ ಸುಮಾರು ಎರಡು ಇಂಚು ಒಳಗೆ, ಮೇಲಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ತೆಳು ಬಿಳಿ ಗೆರೆ. ಕಪ್ಪು ಕೋಟು ಹಾಕಿದವರ ಮೈ ಮೇಲೆ ಚೆನ್ನಾಗಿ ಕಾಣುತ್ತದೆ, ಬಿಳಿ ಅಂಗಿಯ ಮೇಲೆ ಕಾಣುವುದೇ ಇಲ್ಲ. ಕಾಗದಪತ್ರದಲ್ಲಿ ಯಾಕೆ ಗೊತ್ತಾಗಲಿಲ್ಲ ಅನ್ನೋದಕ್ಕೂ ಇದೇ ಉತ್ತರ. ಗಾಜು ಒರೆಸಿದೆ, ಮತ್ತೆ ಒರೆಸಿದೆ. ಗೆರೆ ಕದಲಲಿಲ್ಲ. ಗಾಜಿನ ಮೇಲೆ ಧೂಳಿದ್ದರೆ ಆ ಜಾಗದಲ್ಲಿ ಚುಕ್ಕೆ ಬರಬೇಕು, ಉದ್ದಕ್ಕೂ ಗೆರೆ ಬರುವುದಿಲ್ಲ. ಹಾಗಾದರೆ?

ಹೆಡ್ಡು ಹೊರಡುವ ತುದಿಯಲ್ಲಿ, ಚೌಕಟ್ಟಿನ ಒಳಮೈಗೆ ಅಂಟಿಸಿದ ಒಂದು ಬಿಳಿ ಪಟ್ಟಿ ಇರುತ್ತದೆ. ಸ್ಕ್ಯಾನರ್ ಮೊದಲು ಅದನ್ನು ನೋಡಿ "ಇದು ಬಿಳಿ" ಅಂತ ಪ್ರತಿ ಸೆನ್ಸರ್ ಬಿಂದುವನ್ನೂ ಹೊಂದಿಸಿಕೊಳ್ಳುತ್ತದೆ. ಆ ಪಟ್ಟಿಯ ಮೇಲೆ ಒಂದು ಧೂಳಿನ ಕಣ ಕೂತರೆ, ಅದರ ಎದುರಿನ ಬಿಂದುವಿಗೆ ಬೆಳಕು ಕಡಿಮೆ ಕಾಣುತ್ತದೆ. ಓಹೋ ನಾನು ಮಂಕಾಗಿದ್ದೇನೆ ಅಂದುಕೊಂಡು ಅದು ಇಡೀ ಪುಟಕ್ಕೂ ತನ್ನ ಪಾಲನ್ನು ಹೆಚ್ಚಿಸಿಕೊಳ್ಳುತ್ತದೆ. ಅದೇ ಬಿಳಿ ಗೆರೆ. ಒಂದೇ ಕಣ, ಇಡೀ ಆಲ್ಬಮ್ ಹಾಳು.

ಬಿಚ್ಚಿದೆ. ಎರಡು ಸ್ಕ್ರೂ, ಮೂರು ಕ್ಲಿಪ್, ಗಾಜಿನ ಸಮೇತ ಮೇಲ್ಚೌಕಟ್ಟು ಎದ್ದು ಬರುತ್ತದೆ. ಕ್ಲಿಪ್ ತೆಗೆಯಲು ಸ್ಕ್ರೂಡ್ರೈವರ್ ಹಾಕಬೇಡಿ, ಹಳೇ ಪ್ಲಾಸ್ಟಿಕ್ ಪಟ್ಟನೆ ಮುರಿಯುತ್ತದೆ. ಗಿಟಾರ್ ಪಿಕ್ ಅಥವಾ ಹಳೇ ಪ್ಲಾಸ್ಟಿಕ್ ಕಾರ್ಡ್ ಸಾಕು. ಚೌಕಟ್ಟು ಮಗುಚಿ ನೋಡಿದರೆ ಬಿಳಿ ಪಟ್ಟಿಯ ಮೇಲೆ, ಬಲದಿಂದ ಎರಡು ಇಂಚಿಗೆ ಸರಿಯಾಗಿ, ಒಂದು ಕಂದು ಚುಕ್ಕೆ. ನೋಡಿ ಖುಷಿಯೇ ಆಯಿತು. ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ತೆಗೆದೆ, ಜೊತೆಗೆ ಹೆಡ್ಡು ಜಾರುವ ಉಕ್ಕಿನ ಕಡ್ಡಿಯ ಮೇಲಿನ ಗಟ್ಟಿಯಾದ ಗ್ರೀಸ್ ಒರೆಸಿ ಹೊಸದನ್ನು ಒಂದು ಹನಿ ಹಚ್ಚಿದೆ. ಮುಚ್ಚಿದೆ. ಸ್ಕ್ಯಾನ್ ಒತ್ತಿದೆ.

ಗೆರೆ ಅಲ್ಲೇ ಇದೆ.

ಮತ್ತೆ ಬಿಚ್ಚಿದೆ. ಪಟ್ಟಿ ಹಾಲಿನಂತೆ ಬೆಳ್ಳಗಿದೆ. ಸೆನ್ಸರೇ ಸತ್ತಿರಬೇಕು ಅಂತ ಕೈಚೆಲ್ಲಿ ಕೂತಾಗ ನನ್ನ ಜಾಣತನ ನೆನಪಾಯಿತು. ಕ್ಯಾಲಿಬ್ರೇಷನ್ ಡೇಟಾ ಉಳಿಸಿಕೋ ಅಂತ ನಾನೇ ಹೇಳಿದ್ದೆನಲ್ಲ! ಪಟ್ಟಿ ಶುದ್ಧವಾದರೂ ಸೇನ್ ಇನ್ನೂ ಆ ಹಳೇ ಧೂಳಿನ ಲೆಕ್ಕವನ್ನೇ ಓದುತ್ತಿದೆ. ನನ್ನ ಹೋಮ್ ಫೋಲ್ಡರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಸೇನ್ ಅನ್ನೋ ಅಡಗು ಫೋಲ್ಡರ್ ಇತ್ತು, ಒಳಗೆ ಕ್ಯಾಲಿಬ್ರೇಷನ್ ಫೈಲುಗಳು. ಅಳಿಸಿದೆ. ಪೈನಲ್ಲೇ ಸ್ಕ್ಯಾನ್‌ಇಮೇಜ್ ಓಡಿಸಿದೆ. ಗೆರೆ ಮಾಯ.

ಕುಣಿದಾಡಿಕೊಂಡು ವಿಂಡೋಸ್‌ನಿಂದ ನ್ಯಾಪ್ಸ್2ನಲ್ಲಿ ಒತ್ತಿದರೆ ಗೆರೆ ಮತ್ತೆ ಬಂತು. ಅದೇ ಸ್ಕ್ಯಾನರ್, ಅದೇ ಫೋಟೋ, ಪೈನಲ್ಲಿ ಇಲ್ಲ, ವಿಂಡೋಸ್‌ನಲ್ಲಿ ಇದೆ. ಹತ್ತು ನಿಮಿಷ ವಿಂಡೋಸನ್ನೇ ಬೈದೆ. ಪಾಪ, ಅದರ ತಪ್ಪೇನೂ ಇರಲಿಲ್ಲ. ಏರ್‌ಸೇನ್ ಓಡುವುದು ನನ್ನ ಹೆಸರಲ್ಲಲ್ಲ, ಸೇನ್‌ಡಿ ಅನ್ನೋ ಬೇರೆ ಯೂಸರ್ ಹೆಸರಲ್ಲಿ. ಆ ಯೂಸರ್‌ಗೂ ಒಂದು ಹೋಮ್ ಇದೆ, ವಾರ್ ಕೆಳಗೆ ಲಿಬ್, ಅದರ ಕೆಳಗೆ ಸೇನ್‌ಡಿ. ಅಲ್ಲೂ ಹಳೇ ಧೂಳಿನ ಇನ್ನೊಂದು ಪ್ರತಿ ಕೂತಿತ್ತು. ಅದನ್ನೂ ಅಳಿಸಿದೆ, ಕಾನ್ಫಿಗ್‌ನಲ್ಲಿ ಆ 1 ಅನ್ನು ಮತ್ತೆ 0 ಮಾಡಿದೆ, ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಈಗ ಪ್ರತಿ ಪುಟಕ್ಕೂ ಆ ಕೆಲವು ಸೆಕೆಂಡ್ ಕಾಯುತ್ತೇನೆ, ಬೇಜಾರಿಲ್ಲ.

ಪೈಯನ್ನು ಸ್ಕ್ಯಾನರ್ ಪಕ್ಕದಲ್ಲೇ ಡಬಲ್ ಟೇಪ್‌ನಲ್ಲಿ ಅಂಟಿಸಿದ್ದೇನೆ. ಆಲ್ಬಮ್‌ನಲ್ಲಿ ಇನ್ನು ಹನ್ನೊಂದು ಪುಟ ಬಾಕಿ. ಸ್ಕ್ಯಾನರ್ ಮುಂಭಾಗದಲ್ಲಿ ಮೂರು ಬಟನ್ ಇವೆ, ಅವು ಮಾತ್ರ ಇನ್ನೂ ಓಡುತ್ತಿಲ್ಲ. ಸ್ಕ್ಯಾನ್‌ಬಿಡಿ ಅನ್ನೋ ಪ್ರೋಗ್ರಾಂ ಬಟನ್ ಒತ್ತಿದ್ದನ್ನು ಗಮನಿಸಬಲ್ಲದು, ಆದರೆ ಅದು ಸ್ಕ್ಯಾನರನ್ನು ಹಿಡಿದುಕೊಂಡೇ ಕೂರುವುದರಿಂದ ಏರ್‌ಸೇನ್‌ಗೆ ಬಾಗಿಲು ಸಿಗುವುದಿಲ್ಲ. ಎರಡು ಸಲ ಒಟ್ಟಿಗೆ ಕೂರಿಸಲು ನೋಡಿ ಸ್ಕ್ಯಾನ್‌ಬಿಡಿಯನ್ನು ತೆಗೆದುಹಾಕಿದೆ. ಹಳೇ ಡೆಸ್ಕ್‌ಟಾಪ್‌ನಲ್ಲೂ ಆ ಬಟನ್‌ಗಳನ್ನು ನಾನು ಒತ್ತಿದ ನೆನಪಿಲ್ಲ.